ಕಾಲು ಮೇಲಾದ ಕುರ್ಚಿಗಳು

ನಾನು ಕೆಲಸ ಮಾಡುವ ವರ್ಕ್‌ಶಾಪಿನ ಯಜಮಾನರಿಗೆ ಪಟ್ಟಿಯ ಹುಚ್ಚು. ಹೆಂಡತಿಯ ಜೊತೆ ಜಗಳ ಆಡುವುದಿದ್ದರೂ ಮೊದಲು ಒಂದು ಪಟ್ಟಿ ಮಾಡಿಕೊಳ್ಳುತ್ತಾರೇನೋ ಎಂದು ನನಗೆ ಗುಮಾನಿ. ಕುರ್ಚಿ, ಸೋಫಾ ರಿಪೇರಿ ಮಾಡುವ ನಮ್ಮ ವರ್ಕ್‌ಶಾಪಿಗೆ ಅವರು ಕೆಲಸದ ಆ್ಯಪ್ ಒಂದನ್ನು ತಂದು, ಬಾಗಿಲ ಪಕ್ಕದ ಗೋಡೆಗೆ ದೊಡ್ಡ ಟ್ಯಾಬ್ ಹಾಕಿಸಿದ್ದು ಅಕ್ಕ ಆಸ್ಪತ್ರೆಯಲ್ಲಿದ್ದಾಗ. ಯಾವ ಸೋಫಾ ಯಾರದು, ಅದಕ್ಕೇನಾಗಬೇಕು, ಯಾರು ಮಾಡುತ್ತಾರೆ, ಯಾವಾಗ ಕೊಡಬೇಕು, ಎಲ್ಲವೂ ಅದರೊಳಗೆ ಸಾಲುಸಾಲಾಗಿ ಬರುತ್ತಿತ್ತು. ಇರುವೆ ಗಾತ್ರದ ಅಕ್ಷರ.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ನಾನು ಬಟ್ಟೆ ಕತ್ತರಿಸಿ ಹೊಲಿಯುವವಳು, ಅವಳು ಅದನ್ನು ಎಳೆದು ಬಿಗಿದು ಕುಶನ್ ಕೂರಿಸುವವಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ದಿನ ಬಿದ್ದುಬಿಟ್ಟಳು. ಕೈ ವಾಪಸ್ ಬಂತು, ಮಾತು ಬಂತು, ತುಟಿ ಮಾತ್ರ ಒಂದು ಕಡೆಗೆ ತುಸು ಸೊಟ್ಟಗೆ ಉಳಿಯಿತು. ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ ದಿನ ಅವಳು ತನ್ನ ಹಳೆಯ ಏಪ್ರನ್ ಒಗೆದು ಇಸ್ತ್ರಿ ಮಾಡಿಕೊಂಡಳು. ಏಪ್ರನ್ನಿಗೆ ಇಸ್ತ್ರಿ ಮಾಡುವವರನ್ನು ನಾನಂತೂ ಇನ್ನೆಲ್ಲೂ ನೋಡಿಲ್ಲ.

ಬಂದ ವಾರದಲ್ಲೇ ಎಡವಟ್ಟಾಯಿತು. ಒಂದು ಸೋಫಾದ ಕಾಲು ಅಲ್ಲಾಡುತ್ತಿತ್ತು, ಅಷ್ಟೇ. ಬಟ್ಟೆ ಹೊಸದು. ಅದರ ಪಕ್ಕದಲ್ಲಿದ್ದ ಸೋಫಾ ಬಿಚ್ಚಬೇಕಿದ್ದ ಅಕ್ಕ ಇದರ ಬಟ್ಟೆಗೆ ಕತ್ತರಿ ಹಾಕಿ ಬಿಚ್ಚಿಟ್ಟಳು. ನಾವು ಗೊಣಗಪ್ಪ ಎಂದು ಕರೆಯುವ ಬಡಗಿ ಕಾಲು ಸರಿಮಾಡಲು ಬಂದವನು ಹಣೆ ಚಚ್ಚಿಕೊಂಡ.

"ಅಯ್ಯಯ್ಯೋ! ಇದನ್ಯಾಕಮ್ಮಾ ಬಿಚ್ಚಿದ್ರಿ? ಇದಕ್ಕೆ ಕಾಲು ಮಾತ್ರ ಅಲ್ವಾ?"

ಅಕ್ಕ ಕತ್ತರಿ ಕೆಳಗಿಟ್ಟು ಸ್ಟೋರ್ ರೂಮಿನ ಕಡೆ ಹೋದಳು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕನಿಗೆ ಇನ್ನೂ ಪೂರ್ತಿ ಸುಧಾರಿಸಿಲ್ಲ ಅನ್ಸುತ್ತಮ್ಮ. ಮನೇಲಿ ರೆಸ್ಟ್ ತಗೊಳ್ಳಲಿ. ಶನಿವಾರ ನಾನೇ ಹೇಳ್ತೀನಿ" ಎಂದರು.

"ರೆಸ್ಟ್ ಅಂದ್ರೆ ಎಷ್ಟು ದಿನ?" ಎಂದೆ.

ಅವರು ಗೋಡೆ ನೋಡಿದರು. ಕೆಲಸದಿಂದಲೇ ಬಿಡಿಸುತ್ತಾರೆಂದು ನನಗೆ ಅರ್ಥವಾಯಿತು.

ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ತಿಳಿಯದೆ ನೇರ ಸ್ಟೋರ್ ರೂಮಿಗೆ ಹೋದೆ. ಅಕ್ಕ ಫೋಮ್ ಹಾಳೆಗಳ ಮಧ್ಯೆ ಕೂತಿದ್ದಳು.

"ಕಣ್ಣಿಗೇನು ಪೊರೆ ಬಂದಿತ್ತಾ ನಿಂಗೆ? ಕಾಲು ಅಂತ ಟ್ಯಾಬಲ್ಲಿ ಬರ್ದಿರ್ಲಿಲ್ವಾ? ಒಂದು ಸಲ ಓದಿ ಆಮೇಲೆ ಕತ್ರಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬೈ" ಎಂದಳು ಅಕ್ಕ. "ನೀನು ಬೈತಾ ಇದ್ರೆ ನಂಗೇನೂ ಆಗೇ ಇಲ್ಲ ಅನ್ಸುತ್ತೆ."

ನಾನು ಅವಳ ಪಕ್ಕ ಕೂತೆ.

"ಓದೋಕೆ ಬರ್ತಿಲ್ಲ ಕಣೇ" ಎಂದಳು, ನೆಲ ನೋಡಿಕೊಂಡು.

"ಕನ್ನಡಕ ಬದಲಾಯಿಸಿದ್ರಾಯ್ತಪ್ಪ."

"ಕನ್ನಡಕ ಅಲ್ವೇ. ಅಕ್ಷರ ಕಾಣುತ್ತೆ. ಏನು ಹೇಳ್ತಿದೆ ಅಂತ ಗೊತ್ತಾಗಲ್ಲ. ಬಸ್ಸಿನ ಬೋರ್ಡೂ ಅಷ್ಟೇ. ದಿನಾ ನಿನ್ನ ಹಿಂದೇನೇ ಹತ್ತಿ ಇಳೀತೀನಲ್ಲ, ಹಾಗಾಗಿ ಗೊತ್ತಾಗ್ಲಿಲ್ಲ ಯಾರಿಗೂ."

"ಡಾಕ್ಟ್ರಿಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೆಲಸಕ್ಕೆ ಬಿಡ್ತಿದ್ರಾ? ಮನೇಲಿ ಕೂತು ನಾನೇನು ಮಾಡ್ಲಿ? ನಂಗೆ ಇದೊಂದೇ ಕಣೇ ಬರೋದು."

ಅವಳ ತಲೆಯನ್ನು ಎದೆಗೊತ್ತಿಕೊಂಡು, ಪೆದ್ದಿ, ಪೆದ್ದಿ ಎನ್ನುತ್ತಾ ಅತ್ತೆ. ಅವಳು ನನ್ನ ಬೆನ್ನು ಸವರಿ, "ಫೋಮ್ ಮೇಲೆ ಅಳಬೇಡ, ನೆನೆದ್ರೆ ಬೇಗ ಒಣಗಲ್ಲ" ಎಂದಳು.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಿಗೆ ತಿಳಿಸಿಯೇ ತಿಳಿಸುತ್ತೇನೆಂದು ಅವಳಿಂದ ಮಾತು ತೆಗೆದುಕೊಂಡೆ. ಆದರೆ ಶನಿವಾರ ಅದಕ್ಕೂ ಮೊದಲೇ ಬರುತ್ತಿತ್ತು.

ಮರುದಿನ ಊಟದ ಹೊತ್ತಿನಲ್ಲಿ ಅಕ್ಕನನ್ನು ಟ್ಯಾಬಿನ ಮುಂದೆ ನಿಲ್ಲಿಸಿದೆ. ಪಟ್ಟಿಯ ಮೇಲ್ಗಡೆ ಪುಟ್ಟದೊಂದು ಗುಂಡಿಯಿದೆ. ಅದನ್ನು ಮುಟ್ಟಿದರೆ ಅದೇ ಕೆಲಸಗಳನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತದೆ. ಯಜಮಾನರು, ಅದರ ತಂಟೆಗೆ ಹೋಗಬೇಡಿ, ಪಟ್ಟಿ ಮಾಯವಾದೀತು ಎಂದು ತಾಕೀತು ಮಾಡಿದ್ದರು. ಮಾಯವಾದರೆ ಆಗಲಿ ಎಂದು ಮುಟ್ಟಿದೆ.

ಮೊದಲು ಬೋರ್ಡ್ ಬಂತು. ಬಂದದ್ದು, ನಡೆಯುತ್ತಿರುವುದು, ಮುಗಿದದ್ದು ಎಂದು ಮೂರು ತಲೆಬರಹಗಳು, ಅವುಗಳ ಕೆಳಗೆ ಚೀಟಿಗಳು. ಚೀಟಿಯ ತುಂಬ ಮತ್ತೆ ಅಕ್ಷರ. ಗೊತ್ತಾಗಲ್ಲ ಎಂದು ಅಕ್ಕ ತಲೆಯಾಡಿಸಿದಳು. ಕ್ಯಾಲೆಂಡರ್ ಬಂತು. ಚೌಕಗಳೊಳಗೆ ಇನ್ನೂ ಸಣ್ಣ ಅಕ್ಷರ. ಯಾವ ಕೆಲಸ ಯಾವತ್ತಿನಿಂದ ಯಾವತ್ತಿಗೆ ಎಂದು ಬಣ್ಣಬಣ್ಣದ ಪಟ್ಟೆ ಎಳೆದು ತೋರಿಸುವ ಟೈಮ್‌ಲೈನ್ ಬಂದಾಗ, "ಇದು ಚೆನ್ನಾಗಿದೆ, ಪರದೆ ಬಟ್ಟೆ ಥರ. ಆದ್ರೆ ಯಾವ ಪಟ್ಟೆ ಯಾವ ಸೋಫಾ?" ಎಂದಳು.

ಕೊನೆಗೆ ಉಳಿದದ್ದು ಕೆಲಸಗಳನ್ನು ಬರೀ ಫೋಟೋಗಳಾಗಿ ತೋರಿಸುವ ಗ್ಯಾಲರಿ. ಅದನ್ನು ನಾವ್ಯಾರೂ ಒಮ್ಮೆಯೂ ತೆರೆದಿರಲಿಲ್ಲ. ತೆರೆದದ್ದೇ ತಡ, ಹಿಂದಿನಿಂದ ಗೊಣಗಪ್ಪನ ನಗು ಕೇಳಿಸಿತು.

"ಏನಮ್ಮಾ ಇದು? ಎಲ್ಲಾ ಕಾಲು ಮೇಲೆ ಮಾಡ್ಕೊಂಡು ಬಿದ್ಕೊಂಡಿವೆ!"

ನಿಜ. ಪರದೆಯ ತುಂಬ ಫೋಟೋಗಳೇನೋ ಇದ್ದವು, ಎಲ್ಲವೂ ತಳದ್ದು. ಅದು ಅಕ್ಕನೇ ಹಾಕಿದ್ದ ಕಟ್ಟಳೆ. ಸಾಮಾನು ಬಂದ ಕೂಡಲೇ ಮಗುಚಿ ಹಾಕಿ ತಳ ನೋಡಬೇಕು, ಹಿಂದೆ ರಿಪೇರಿ ಮಾಡಿದವರ ಕಳ್ಳಾಟವೆಲ್ಲ ಅಲ್ಲೇ ಇರುತ್ತದೆ ಎನ್ನುತ್ತಿದ್ದಳು. ಹಾಗಾಗಿ ಆ್ಯಪ್ ಫೋಟೋ ಕೇಳಿದಾಗಲೆಲ್ಲ ನಾವು ತಳದ ಫೋಟೋ ತೆಗೆದು ಸೇರಿಸಿದ್ದೆವು. ಮೇಲಿಂದ ತೆಗೆಯಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಸಡಿಲ ಸ್ಪ್ರಿಂಗು, ಹರಿದ ನವಾರು, ತುಕ್ಕು ಮೊಳೆ. ನೋಡಿದರೆ ನನಗೆ ತಲೆಬುಡ ತಿಳಿಯಲಿಲ್ಲ.

ನಗು ಕೇಳಿ ಯಜಮಾನರೂ ಒಳಕೋಣೆಯಿಂದ ಬಂದರು. "ಪಟ್ಟಿ ಎಲ್ಲಿ?" ಎಂದು ಗಾಬರಿಯಾದರು.

ಅಕ್ಕ ಅವರ ಕಡೆ ತಿರುಗಲಿಲ್ಲ. ಬೆರಳನ್ನು ಒಂದು ಫೋಟೋದ ಮೇಲಿಟ್ಟಳು.

"ಇದು ಹಲ್ಲಿನ ಡಾಕ್ಟರ ಬೆಂಚು, ಹಿಂದೇನೂ ನಾನೇ ಮಾಡಿದ್ದೆ. ನವಾರು ಪೂರಾ ಕಿತ್ತುಹೋಗಿದೆ, ಹೊಸದು ಎಳೀಬೇಕು." ಬೆರಳು ಮುಂದೆ ಸರಿಯಿತು. "ಇದು ಸಂಗೀತದ ಮೇಷ್ಟ್ರ ಕುರ್ಚಿ, ಒಂದೇ ಕಡೆ ಕೂತು ಸ್ಪ್ರಿಂಗ್ ಸಾಯಿಸಿದ್ದಾರೆ. ಇದು... ಇದು ನಾನು ಬಿಚ್ಚಿದ್ದು. ತಳ ಎಷ್ಟು ಗಟ್ಟಿಮುಟ್ಟಾಗಿದೆ ನೋಡು. ಇದನ್ನ ನೋಡಿದ್ರೆ ನಾನು ಕತ್ರಿ ಮುಟ್ತಾನೇ ಇರ್ಲಿಲ್ಲ."

ಆಮೇಲೆ ಅವಳಾಗಿಯೇ ತಿರುಗಿ ಹೇಳಿದಳು: "ಯಜಮಾನ್ರೇ, ನಂಗೆ ಓದೋಕೆ ಬರ್ತಿಲ್ಲ. ಬಿದ್ದಾಗಿಂದ. ಮುಚ್ಚಿಟ್ಟಿದ್ದೆ. ಆ ಸೋಫಾನ ಊಹೆ ಮೇಲೆ ಬಿಚ್ಚಿದ್ದು."

ಗೊಣಗಪ್ಪನ ನಗು ನಿಂತಿತು. ನಾನು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಅವರೇನಾದರೂ ರೆಸ್ಟ್ ಎಂಬ ಮಾತೆತ್ತಿದ್ದರೆ ಅವತ್ತು ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

"ನೀವು ಇಲ್ಲಿ ಚಿತ್ರ ನೋಡ್ತಾ ಇದ್ರೆ ನನ್ನ ಪಟ್ಟಿ ಗತಿ?" ಎಂದರು ಅವರು, ಮೆಲ್ಲಗೆ.

"ನಿಮ್ಮ ಪಟ್ಟಿ ನಿಮ್ಮ ಫೋನಲ್ಲಿ ಹಾಗೇ ಇದೆ, ನೋಡ್ಕೊಳ್ಳಿ" ಎಂದೆ. "ಯಾರಿಗೆ ಹೇಗೆ ಬೇಕೋ ಹಾಗೆ ನೋಡ್ಬೋದು. ಕುಶನ್ ಕೆಲಸ ಮಾತ್ರ ಕಾಣೋ ಹಾಗೆ ಸೋಸಿ ಅವಳಿಗೆ ಇಟ್ಕೊಡ್ತೀನಿ. ಅರ್ಜೆಂಟಿದ್ರೆ ಕೆಂಪು ಅಂಚು."

"ಬಟ್ಟೆ ಯಾವುದು, ಗಿರಾಕಿ ಏನಂದ್ರು, ಅದೆಲ್ಲಾ?"

"ಅದನ್ನ ನಾನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಹಾಕ್ತೀನಿ" ಎಂದ ಗೊಣಗಪ್ಪ. "ಹೇಗೂ ದಿನವೆಲ್ಲಾ ಗೊಣಗ್ತಾನೇ ಇರ್ತೀನಲ್ಲ."

ಯಜಮಾನರು ಫೋನ್ ತೆಗೆದು ಪಟ್ಟಿ ನೋಡಿದರು. ಅದು ಇದ್ದಲ್ಲೇ ಇತ್ತು. ಗಡ್ಡ ಕೆರೆದುಕೊಂಡರು. "ಆದ್ರೂ ಅಕ್ಕಾ, ನೀವು ಯಾವ ಕೆಲಸ ತಗೊಂಡ್ರಿ ಅಂತ ನಂಗೆ ಗೊತ್ತಾಗ್ಬೇಕು. ಆಸ್ಪತ್ರೇಲಿದ್ರಿ ಅಂತ ನಿಮ್ಮ ಹೆಸರು ಸೇರಿಸಿರಲಿಲ್ಲ. ಈಗ ಸೇರಿಸ್ತೀನಿ. ಹೆಸರಿನ ಪಕ್ಕಕ್ಕೆ ಒಂದು ಫೋಟೋ ಕೊಡಿ."

ಗೊಣಗಪ್ಪ ಫೋನ್ ಎತ್ತಿದ. ಅಕ್ಕ ಥಟ್ಟನೆ ಕೈಯಿಂದ ತುಟಿ ಮುಚ್ಚಿಕೊಂಡಳು.

"ನನ್ನ ಮುಖ ಬೇಡ."

ಯಾರೂ ಬಲವಂತ ಮಾಡಲಿಲ್ಲ. ಅವಳ ಕೆಲಸದ ಮೇಜಿನ ಕೆಳಗೆ ಅವಳದೇ ಒಂದು ಕುಳ್ಳ ಸ್ಟೂಲಿದೆ. ಕೆಲಸ ಕಲಿಯುವಾಗ ಹಳೆಯ ಚೂರುಪಾರು ಜೋಡಿಸಿ ಅವಳೇ ಮಾಡಿಕೊಂಡದ್ದು. ತಳದಲ್ಲಿ ಹಸಿರು, ಕಂದು, ಬಿಳಿ, ಒಂದಕ್ಕೊಂದು ಸಂಬಂಧವಿಲ್ಲದ ನವಾರು ತುಂಡುಗಳು. ಅದನ್ನೆತ್ತಿ ತಂದು ಮಗುಚಿದೆ.

"ಇದು ಆಗುತ್ತಾ?"

ಅಕ್ಕ ಬಾಯಿಂದ ಕೈ ತೆಗೆದು ನಕ್ಕಳು. ಸೊಟ್ಟಗೆ, ಮುಚ್ಚಿಕೊಳ್ಳದೆ.

ಶನಿವಾರ ಬೆಳಿಗ್ಗೆ ನಾನು ಹೊಲಿಗೆ ಮಷೀನಿಗೆ ದಾರ ಏರಿಸುತ್ತಿದ್ದೆ. ಇಸ್ತ್ರಿಯ ಏಪ್ರನ್ ತೊಟ್ಟ ಅಕ್ಕ ಟ್ಯಾಬಿನ ಮುಂದೆ ನಿಂತು ಏನೋ ಒತ್ತಿ ಬಂದಳು. ಒಳಕೋಣೆಯಿಂದ ಯಜಮಾನರ ದನಿ ಕೇಳಿತು.

"ಹಲ್ಲಿನ ಡಾಕ್ಟರ ಬೆಂಚು ಯಾರು ತಗೊಂಡಿದ್ದು?"

ಅವರ ಪಟ್ಟಿಯಲ್ಲಿ ಅಕ್ಕನ ಹೆಸರು ಇತ್ತು, ಸ್ಟೂಲಿನ ತಳದ ಫೋಟೋವೂ ಇತ್ತು. ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

"ನಾನು ಯಜಮಾನ್ರೇ" ಎಂದಳು ಅಕ್ಕ, ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ. ಆಮೇಲೆ ಗೊಣಗಪ್ಪನ ಕಡೆ ತಿರುಗಿ, "ಬಾರಪ್ಪಾ, ಆ ಕಡೆ ಹಿಡ್ಕೋ, ಬೆಂಚು ಮಗುಚೋಣ" ಎಂದಳು.