ಮೊದಲ ತುತ್ತು ಆಬೆಯದು

ತಟ್ಟೆಯ ಮೇಲೆ ಚಾಚಿದ ಒಂದು ಮುದಿ ಕೈ, ಮಣಿಕಟ್ಟಿನಲ್ಲಿ ಸವೆದ ತಾಮ್ರದ ಬಳೆ, ಸುತ್ತ ಕುಳಿತವರ ಕೈಗಳೆಲ್ಲ ಮಡಿಲಲ್ಲಿ. ಆ ವರ್ಷದ ಎಷ್ಟೋ ಸಂಗತಿಗಳನ್ನು ಮರೆತಿದ್ದೇನೆ, ಈ ಚಿತ್ರ ಮಾತ್ರ ಮಾಸಿಲ್ಲ. ಇದನ್ನು ಸರಿಯಾಗಿ ನೋಡಲು ನನಗೆ ಎರಡು ತಿಂಗಳು ಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗಡಿಯಾಚೆಯ ಗಲಭೆಗೆ ಮನೆಮಠ ಬಿಟ್ಟು ಬಂದ ನಲವತ್ತು ಕುಟುಂಬಗಳಿಗೆ ನಮ್ಮ ಊರು ಹಳೆಯ ಹತ್ತಿ ಗೋದಾಮನ್ನು ಬಿಟ್ಟುಕೊಟ್ಟಿತ್ತು. ನಾವು ಕೆಲವರು ಸೇರಿ, ಒಬ್ಬೊಬ್ಬರು ಒಂದೊಂದು ಕುಟುಂಬದ ಜೊತೆಗಿರುವುದೆಂದು ಗೊತ್ತುಮಾಡಿಕೊಂಡೆವು. ಮಕ್ಕಳಿಗೆ ಪಾಠ ಹೇಳುವುದು, ದೊಡ್ಡವರಿಗೆ ಪೇಟೆ, ಆಸ್ಪತ್ರೆ, ಕಚೇರಿಗಳ ದಾರಿ ತೋರಿಸುವುದು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುವವಳೆಂದು ಊರೆಲ್ಲ ಹೆಸರು ಬೇರೆ. ನನ್ನ ಪಾಲಿಗೆ ಬಂದದ್ದು ಮೂವರು ಹೆಂಗಸರ ಸಂಸಾರ: ಮಂಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನೂಮಾ, ಅವಳ ಹನ್ನೆರಡು ವರ್ಷದ ಮಗಳು ತಿರೇನ, ಮತ್ತು ನೂಮಾಳ ಅತ್ತೆ. ಅತ್ತೆಯನ್ನು ಎಲ್ಲರೂ ಆಬೆ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಹಾಗೆಂದರೆ ಅಜ್ಜಿ.

ಶಾಲೆಯ ಮುಖ್ಯೋಪಾಧ್ಯಾಯ ಮರುಳಸಿದ್ಧಪ್ಪ ನನ್ನ ಹಳೆಯ ಶಿಷ್ಯ. ಮಗ್ಗಿ ಬಾರದೆ ವಾರಗಟ್ಟಲೆ ಬೆಂಚಿನ ಮೇಲೆ ನಿಂತವನು. ತಿರೇನಳನ್ನು ಸೇರಿಸಿಕೋ ಎಂದು ಕೇಳಲು ಹೋದರೆ, ಈಗ ಅವನ ಸರದಿ. "ಮೂರು ತಿಂಗಳು ಬಿಟ್ಟು ಕರಕೊಂಡು ಬನ್ನಿ ಮೇಡಂ. ನಾನು ಕೊಟ್ಟ ಒಂದು ಪುಟ ಗಟ್ಟಿಯಾಗಿ ಓದಿದ್ರೆ ಐದನೇ ತರಗತಿ. ಇಲ್ಲದಿದ್ರೆ ಒಂದನೇದು," ಎಂದ.

ನೂಮಾ ಒಂದು ವರ್ಷದಲ್ಲಿ ಮಂಡಿಯ ಕನ್ನಡ ಕಲಿತಿದ್ದಳು. ಸುದ್ದಿ ಕೇಳಿ, "ಚಿಕ್ಕ ಮಕ್ಕಳ ಜೊತೆ ಕೂರಿಸೋದಾದ್ರೆ ಬೇಡ ಟೀಚರಮ್ಮ. ನಗೋರ ಮುಂದೆ ಅವಳು ಕೂರಲ್ಲ. ನನ್ನ ಜೊತೆ ಮಂಡಿಗೇ ಬರ್ತಾಳೆ," ಎಂದಳು. ಮೆಣಸಿನ ಘಾಟಿಗೆ ಅವಳ ಕಣ್ಣು ಸದಾ ಕೆಂಪಾಗಿರುತ್ತಿತ್ತು, ಬೆರಳುಗಳು ಊದಿದ್ದವು. ಆ ಕೆಲಸಕ್ಕೆ ಈ ಹುಡುಗಿಯನ್ನು ಬಿಟ್ಟುಕೊಡುವುದಿಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಹಟಕ್ಕೇನು ಕಡಿಮೆ ಇರಲಿಲ್ಲ. ವಾರಕ್ಕೆ ನಾಲ್ಕು ದಿನ ಪಾಠ. ಪಾಠದ ಹೊತ್ತಿನಲ್ಲಿ ದೊಡ್ಡವರು ಹತ್ತಿರ ಇರಕೂಡದೆಂಬುದು ನನ್ನ ಹಳೆಯ ನಿಯಮ. ಹಾಗಾಗಿ ಆಬೆಯನ್ನು ಮೊದಲ ದಿನವೇ ಹೊರಗಿನ ಕಟ್ಟೆಗೆ ಕಳಿಸಿದೆ. ತಿರೇನ ಸ್ಲೇಟಿನ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಆದರೆ ಓದು ಎಂದರೆ ಬಾಯಿಗೆ ಬೀಗ. ಮುದ್ದು ಮಾಡಿದೆ, ಬೆಲ್ಲ ಕೊಟ್ಟೆ, ಕೊನೆಗೆ ಗದರಿದೆ. ಒಂದು 'ಅ' ಕೂಡ ಹೊರಡಲಿಲ್ಲ. ಎರಡು ತಿಂಗಳು ಹೀಗೇ ಹೋಯಿತು. ಹುಡುಗಿ ಮೊದ್ದು ಎಂದು ಒಳಗೊಳಗೇ ತೀರ್ಪು ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನು ಬರುವುದಿಲ್ಲ ಎಂದು ಹೇಳಲು ಹೋದ ದಿನ ನೂಮಾ ಊಟಕ್ಕೆ ಕೂರಿಸಿದಳು. ನಾಲ್ಕು ತಟ್ಟೆ ಬಡಿಸಿದ್ದಳು. ಆಬೆ ಕಟ್ಟೆಯ ಮೇಲಿದ್ದಳು. ಯಾರೂ ಅನ್ನ ಮುಟ್ಟಲಿಲ್ಲ. ಆಬೆ ನಿಧಾನವಾಗಿ ಬಂದು ಕುಳಿತು, ಬಳೆ ಹಿಂದೆ ಸರಿಸಿ, ತಟ್ಟೆಯಿಂದ ಒಂದು ಚಿಟಿಕೆಯಷ್ಟು ಅನ್ನ ಬಾಯಿಗಿಟ್ಟುಕೊಂಡಳು. ಆಮೇಲೆ ಹಸಿದಿದ್ದ ತಿರೇನ ಗಬಗಬನೆ ಉಣ್ಣತೊಡಗಿದಳು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನೂಮಾ, ನಿಮ್ಮಲ್ಲಿ ಓದೋದಕ್ಕೂ ಹೀಗೇನಾ?"

"ಎಲ್ಲದಕ್ಕೂ ಹೀಗೇ. ಹೊಸದೇನಿದ್ರೂ ಮಕ್ಕಳ ಬಾಯಿಗೆ ಬರೋ ಮುಂಚೆ ಮನೇಲಿ ಎಲ್ಲರಿಗಿಂತ ಹಿರಿಯರ ಬಾಯಿಗೆ ಬರಬೇಕು. ಹಿರಿಯರು ಸತ್ತುಹೋದ ಮನೇಲಿ ಮಾತ್ರ ಮಕ್ಕಳು ತಾವೇ ಮೊದಲು ಮಾಡೋದು." ಅವಳು ಮಗಳ ಕಡೆ ನೋಡಿದಳು. "ಇವಳ ಅಪ್ಪ, ತಾತ ಇಬ್ಬರೂ ಬರೋ ದಾರೀಲೇ ಹೋದ್ರು. ತಾನೇ ಮೊದಲು ಓದಿದ್ರೆ ಆಬೇನೂ ಇಲ್ಲ ಅಂದ ಹಾಗೆ. ಅದು ಇವಳ ಬಾಯಿಂದ ಹೇಗೆ ಬರುತ್ತೆ?"

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಆಬೇನ ನೀವೇ ಹೊರಗೆ ಕಳಿಸಿದ್ರಲ್ಲ. ನಿಮ್ಮ ಕಡೆ ಪದ್ಧತಿ ಇರಬೇಕು ಅಂತ ಸುಮ್ಮನಿದ್ವಿ."

ಬೀಗ ಹಾಕಿದವಳು ನಾನೇ, ಕೀಲಿಯನ್ನು ಕಟ್ಟೆಯ ಮೇಲೆ ಕೂರಿಸಿದವಳೂ ನಾನೇ. ಆಬೆಯ ಕೈ ಹಿಡಿದು ಸ್ಲೇಟಿನ ಮುಂದೆ ಕರೆತಂದೆ. ನಾಲ್ಕೇ ಹಲ್ಲಿದ್ದ ಬಾಯಿ ಅಗಲಿಸಿ ಅವಳು "ಅ" ಎಂದು ತನ್ನಷ್ಟಕ್ಕೆ ತಾನೇ ನಕ್ಕಳು. ಮರುಕ್ಷಣ ತಿರೇನ 'ಅ'ದಿಂದ 'ಳ'ದವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಎರಡು ತಿಂಗಳು ಗಂಟಲಲ್ಲೇ ಕಟ್ಟಿಟ್ಟಿದ್ದೆಲ್ಲ ಹೊರಗೆ ಬಂತು. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ.

ಉಳಿದದ್ದು ಒಂದು ತಿಂಗಳು. ಮುದುಕಿ ಪುಸ್ತಕವನ್ನೆಲ್ಲ ಓದುವುದು ಆಗದ ಮಾತು. ಊಟಕ್ಕೆ ಒಂದು ತುತ್ತು ಸಾಕಾದರೆ ಪುಟಕ್ಕೆ ಒಂದು ಪದ ಸಾಕು ಎಂದು ನೂಮಾ ಹೇಳಿದಳು. ಐದನೇ ತರಗತಿಯ ಪುಸ್ತಕದ ಒಂದೊಂದು ಪುಟದ ಮೊದಲ ಪದವನ್ನು ಆಬೆಗೆ ಬಾಯಿಪಾಠ ಮಾಡಿಸಿದೆ. ಅವಳು ಅದನ್ನು ಹೇಳುವುದು, ಮೊಮ್ಮಗಳು ಮುಂದಕ್ಕೆ ಓಡುವುದು.

ಪರೀಕ್ಷೆಯ ದಿನ ಮೂವರನ್ನೂ ಕರೆದುಕೊಂಡು ಹೋದೆ. ಮರುಳಸಿದ್ಧಪ್ಪ ಕನ್ನಡಕದ ಮೇಲಿಂದ ನೋಡಿದ.

"ಪರೀಕ್ಷೆ ಹುಡುಗೀಗೋ, ಅಜ್ಜಿಗೋ ಮೇಡಂ?"

"ಇಬ್ಬರಿಗೂ. ನಿನಗೂ," ಎಂದು ಪದ್ಧತಿಯನ್ನು ವಿವರಿಸಿದೆ.

ಅವನು ಒಪ್ಪಿದ. ಆದರೆ ಬಾಯಿಪಾಠದ ವಾಸನೆ ಹಿಡಿಯುವುದನ್ನು ಅವನಿಗೆ ಕಲಿಸಿದವಳೇ ನಾನು. ನಮ್ಮ ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಬೀರುವಿನಿಂದ ಬೇರೊಂದನ್ನು ತೆಗೆದು ಮಧ್ಯದ ಪುಟ ಬಿಡಿಸಿಟ್ಟ. ಆ ಪುಟವನ್ನು ಆಬೆ ಕಂಡಿರಲಿಲ್ಲ. ತಿರೇನ ಒಂದು ಸಲ ಪುಟ ನೋಡಿ ತುಟಿ ಬಿಗಿದುಕೊಂಡಳು. ಅವಳಿಗೆ ಓದಲು ಬರುತ್ತದೆಂದು ನನಗೆ ಗೊತ್ತು, ಓದುವುದಿಲ್ಲವೆಂದೂ ಗೊತ್ತು. ಬಾಗಿಲ ಬಳಿ ನೂಮಾ ಊದಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

ಆಬೆ ಬಳೆ ಹಿಂದೆ ಸರಿಸಿದಳು. ಪುಟದ ಮೇಲೆ ಬೆರಳಿಟ್ಟಳು.

"ನ," ಎಂದಳು. ಬೆರಳು ಸರಿಯಿತು. "ದಿ." ಬಹಳ ಹೊತ್ತು ತಡೆದಳು. "ಯ. ನದಿಯ."

ನಾನು ಕಲಿಸಿದ್ದಲ್ಲ ಅದು. ನೂಮಾ ಮಂಡಿಗೆ ಹೋದ ಮೇಲೆ ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು, ದಿನವೂ ಒಂದೆರಡು ಅಕ್ಷರಗಳನ್ನು ನಿಜವಾಗಿಯೇ ಕಲಿತಿದ್ದಳಂತೆ. ಬಾಯಿಪಾಠದ ತುತ್ತು ಎಂಜಲು ತುತ್ತು, ಅದನ್ನು ಮಗುವಿನ ಮುಂದೆ ಇಡಬಾರದು ಎಂದಿದ್ದಳಂತೆ.

"ನದಿಯ ದಡದಲ್ಲಿ ಒಂದು ಹಳ್ಳಿಯಿತ್ತು," ಎಂದು ತಿರೇನ ಶುರುಮಾಡಿದಳು. ಪುಟ ಮುಗಿಯಿತು. ಅವಳು ನಿಲ್ಲಿಸಲಿಲ್ಲ, ಹಾಳೆ ತಿರುವಿ ಮುಂದಿನದನ್ನೂ ಓದಿದಳು. ಮರುಳಸಿದ್ಧಪ್ಪ ಕುರ್ಚಿಯಿಂದ ಎದ್ದು ನಿಂತ. ದಾಖಲಾತಿ ಪುಸ್ತಕದಲ್ಲಿ ಐದನೇ ತರಗತಿ ಎಂದು ಬರೆದು, ಪೋಷಕರ ಸಹಿಯ ಜಾಗವನ್ನು ತೋರಿಸಿ, ಪೆನ್ನನ್ನು ಆಬೆಯ ಕೈಗೆ ಕೊಟ್ಟ. ನನ್ನ ಬಾಳಿನಲ್ಲಿ ಅಂಥ ಗೆಲುವು ಇನ್ನೊಂದಿಲ್ಲ.

ಆಬೆ ತೀರಿಕೊಂಡು ಈಗ ಎರಡು ವರ್ಷ. ಮೊನ್ನೆ ತಿರೇನ ಅದೇ ಶಾಲೆಗೆ ಟೀಚರಾಗಿ ಸೇರಿದಳು. ಅಂದು ನನ್ನನ್ನು ಊಟಕ್ಕೆ ಕರೆದಿದ್ದರು. ತಟ್ಟೆ ಬಡಿಸಿಯಾಗಿತ್ತು. ನಾನು ಹಳೆಯ ಕತೆ ಹೇಳುತ್ತಲೇ ಇದ್ದೆ.

"ಅನ್ನ ಆರ್ತಾ ಇದೆ, ಇನ್ನೂ ಯಾರಾದ್ರೂ ಬರಬೇಕಾ?" ಎಂದು ಕೇಳಿದೆ.

"ಯಾರೂ ಇಲ್ಲ ಟೀಚರಮ್ಮ," ಎಂದಳು ತಿರೇನ. "ನೀವು ತಗೊಳ್ಳಿ."

ಆಗ ನೋಡಿದೆ. ಎಲ್ಲರ ಕೈಗಳೂ ಮಡಿಲಲ್ಲಿದ್ದವು. ತಟ್ಟೆಯ ಮೇಲೆ ಚಾಚಿದ ನನ್ನ ಕೈ ಯಾವಾಗ ಇಷ್ಟು ಮುದಿಯಾಯಿತೋ ತಿಳಿಯದು. ಒಂದು ಚಿಟಿಕೆ ಅನ್ನ ಬಾಯಿಗಿಟ್ಟುಕೊಂಡೆ. ಆಮೇಲೆ ಎಲ್ಲರೂ ಉಣ್ಣತೊಡಗಿದರು.