ಒಂದೇ ತಾನಿನ ಬಟ್ಟೆ

ಅಕ್ಕ ತೀರಿಹೋದ ನಾಲ್ಕು ತಿಂಗಳಿಗೆ ಭಾವ ಒಂದು ಬೆಳಿಗ್ಗೆ ತಂಗಿ ಹೊಲಿಗೆಯಮ್ಮನ ಅಂಗಡಿ ಮುಂದೆ ಬಂದು ನಿಂತರು. ಮೂವತ್ತೊಂದು ವರ್ಷ ಆ ಮೆಟ್ಟಿಲು ತುಳಿಯದ ಮನುಷ್ಯ. ಈಗಲೂ ಒಳಗೆ ಬರದೆ, ಕೈಯಲ್ಲಿದ್ದ ದೊಡ್ಡ ಕಬ್ಬಿಣದ ಬೀಗದ ಕೈಯನ್ನು ಹೊಲಿಗೆ ಯಂತ್ರದ ಅಂಚಿಗೆ ಚಾಚಿ ಇಟ್ಟರು. ಹಳೇ ದೇವಸ್ಥಾನದ್ದು ಎಂದರು. ಅಕ್ಕ ವಾರಕ್ಕೊಂದು ಸಲ ಹೋಗಿ ಗುಡಿಸುತ್ತಿದ್ದಳಂತೆ. ಅವಳು ಹಾಸಿಗೆ ಹಿಡಿದ ಮೇಲೆ ಅತ್ತ ಯಾರೂ ತಲೆ ಹಾಕಿಲ್ಲವಂತೆ. ಬೀಗದ ಕೈಯನ್ನು ಬಿಸಾಡಲು ಮನಸ್ಸಿಲ್ಲ, ಬೇರೆ ಯಾರಿಗೆ ಕೊಡಬೇಕೆಂದು ತೋಚುತ್ತಿಲ್ಲ ಎಂದರು.  ಹೊಲಿಗೆಯಮ್ಮ ಅರ್ಧ ಹೊಲಿದ ರವಿಕೆಯನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ಅದು ಎರಡು ಬೀದಿಗಳ ನಡುವಿನ ದೇವಸ್ಥಾನ. ಒಂದೇ ಮಂಟಪ, ಎರಡು ಗರ್ಭಗುಡಿ: ಎಡಕ್ಕೆ ಶಿವ, ಬಲಕ್ಕೆ ವಿಷ್ಣು. ಹಣೆಯ ಮೇಲೆ ಅಡ್ಡಗೆರೆ ಎಳೆಯುವವರು ಒಂದು ಬೀದಿಯಲ್ಲಿ, ಉದ್ದಗೆರೆ ಎಳೆಯುವವರು ಇನ್ನೊಂದರಲ್ಲಿ. ಇಬ್ಬರು ದೇವರಿಗೂ ಬಟ್ಟೆ ಹೊಲಿದುಕೊಡುತ್ತಿದ್ದವನು ಈ ಅಕ್ಕತಂಗಿಯರ ಅಪ್ಪ. ಒಂದೇ ತಾನಿನಿಂದ ಎರಡು ತುಂಡು ಕತ್ತರಿಸುತ್ತಿದ್ದ. ತಾನು ಉದ್ದಗೆರೆಯವರ ಪೈಕಿಯೇ ಆದರೂ, "ಹಾಸು ಉದ್ದ, ಹೊಕ್ಕು ಅಡ್ಡ. ಎರಡೂ ಸೇರದಿದ್ರೆ ಬಟ್ಟೆ ಎಲ್ಲಿಂದ ಬರುತ್ತೆ?" ಎಂದು ನಗುತ್ತಿದ್ದ. ಗಡಿಯಾರ ರಿಪೇರಿ ಮಾಡುವ ಅಡ್ಡದ ಬೀದಿಯ ಹುಡುಗನಿಗೆ ದೊಡ್ಡ ಮಗಳನ್ನು ಕೊಟ್ಟಿದ್ದೂ ಆ ನಗುವಿನಲ್ಲೇ.

ಮದುವೆಯಾಗಿ ಎಂಟು ತಿಂಗಳಿಗೆ, ಮೊದಲ ಮಂಗಳಾರತಿ ಯಾವ ದೇವರಿಗೆ ಎಂಬ ಮಾತೆದ್ದಿತು. ಅಲ್ಲಿಯವರೆಗೆ ಅರ್ಚಕರು ಯಾವ ಕಡೆ ನಿಂತಿರುತ್ತಿದ್ದರೋ ಅಲ್ಲಿಂದಲೇ ಶುರುಮಾಡುತ್ತಿದ್ದರು, ಯಾರೂ ಲೆಕ್ಕವಿಟ್ಟಿರಲಿಲ್ಲ. ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸುವವರೆಗೆ ಹೋಯಿತು. ಮಂಟಪದಲ್ಲಿ ಹಾರಿ ಬಂದ ಒಂದು ಕಲ್ಲಿಗೆ ಅಪ್ಪನ ತಮ್ಮ ಒಂದು ಕಣ್ಣು ಕಳೆದುಕೊಂಡ. ಅಂದಿಗೆ ಅಪ್ಪನ ನಗು ನಿಂತಿತು. ಅಡ್ಡದವರ ಬೀದಿಯ ನೆರಳೂ ಈ ಮನೆಗೆ ಬೀಳಬಾರದು ಎಂದ. ಮಗಳೂ ಆ ನೆರಳಿನೊಳಗೇ ಸೇರಿಹೋದಳು.

ಆಮೇಲೆ ಅಡ್ಡದವರು ತಮ್ಮದೊಂದು ಹೊಸ ದೇವಸ್ಥಾನ ಕಟ್ಟಿದರು, ಉದ್ದದವರು ಅದಕ್ಕಿಂತ ಒಂದು ಗೇಣು ಎತ್ತರದ್ದು ಕಟ್ಟಿದರು. ಹಳೆಯದು ಇಬ್ಬರದೂ ಆಗಿದ್ದರಿಂದ ಯಾರದೂ ಅಲ್ಲದಂತಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ದೇವರೇ ಬಡವಾದ.

ಅಪ್ಪ ಹೋದ ಮೇಲಾದರೂ ತಂಗಿ ಅಕ್ಕನ ಬಾಗಿಲು ತಟ್ಟಬಹುದಿತ್ತು. ಮೊದಲು ಹೆದರಿಕೆ ಇತ್ತು, ಆಮೇಲೆ ಅದೇ ರೂಢಿಯಾಯಿತು, ಕೊನೆಗೆ ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆ. ಅಕ್ಕನ ಹೆಣ ಹೊರಟ ದಿನ ಬೀದಿಯ ಕೊನೆಯಲ್ಲಿ, ನಿಂತಿದ್ದ ಲಾರಿಯೊಂದರ ಮರೆಯಲ್ಲಿ ನಿಂತು ನೋಡಿದಳು. ವಾಪಸು ಬಂದು ಯಾರದೋ ರವಿಕೆಗೆ ತೋಳು ತಿರುಗುಮುರುಗಾಗಿ ಹೊಲಿದಳು.

ದೇವಸ್ಥಾನದ ಗೋಡೆಯ ಬಿರುಕಿನಿಂದ ಗಿಡವೊಂದು ಎದೆಮಟ್ಟ ಎದ್ದಿತ್ತು. ಬೀಗ ತುಕ್ಕು ಹಿಡಿದು ಜಗ್ಗಲಿಲ್ಲ. ಭಾವ ಜೇಬಿನಿಂದ ಗಡಿಯಾರದ ಎಣ್ಣೆಯ ಪುಟ್ಟ ಶೀಸೆ ತೆಗೆದು ಎರಡು ಹನಿ ಬಿಟ್ಟು, ರೋಗಿಯ ನಾಡಿ ಹಿಡಿದವರಂತೆ ಕಾದು, ಮೆಲ್ಲಗೆ ತಿರುಗಿಸಿದರು.

ಒಳಗೆ ಬಾವಲಿಗಳ ವಾಸನೆ ಮೂಗಿಗೆ ಹೊಡೆಯಿತು. ನೆಲದ ಮೇಲೆ ನಾಲ್ಕು ತಿಂಗಳಿಗೂ ಮಿಕ್ಕಿದ ಧೂಳು. ಕಂಬಕ್ಕೆ ಒರಗಿಸಿದ ಪೊರಕೆ ಸವೆದು ಮೋಟಾಗಿತ್ತು. ಹೊಲಿಗೆಯಮ್ಮ ಬಲಗಡೆ ನಡೆದಳು. ಕಾಲು ತಾನಾಗಿ ಆ ಕಡೆ ಹೋಯಿತು. ವಿಷ್ಣುವಿಗೆ ನೀಲಿ ಬಟ್ಟೆ ಉಡಿಸಿತ್ತು. ಎಡಕ್ಕೆ ಬಂದಳು. ಶಿವನಿಗೂ ಅದೇ ನೀಲಿ. ಅಂಚು ಮಗುಚಿ ನೋಡಿದಳು: ಎರಡು ಮಡಿಕೆ, ಗಂಟು ಒಳಮುಖ. ಅಪ್ಪ ಕಲಿಸಿದ ಕೈಹೊಲಿಗೆ. ಕಣ್ಣು ಮಂಜಾಗಿದ್ದ ಅಕ್ಕನ ಹೊಲಿಗೆ ಅಲ್ಲಲ್ಲಿ ದಾರಿ ತಪ್ಪಿ ಮತ್ತೆ ಸಾಲಿಗೆ ಬಂದಿತ್ತು.

"ಮೊದಲು ಯಾರಿಗೆ ಉಡಿಸ್ತಿದ್ಲು, ಭಾವ?"

"ನಾನೂ ಕೇಳಿದ್ದೆ. ಯಾರ ಬಟ್ಟೆ ಮೊದಲು ಹೊಲಿದು ಮುಗಿಯುತ್ತೋ ಅವರಿಗೆ ಅಂದ್ಲು." ಭಾವನ ತುಟಿಯಲ್ಲಿ ನಗು ಬಂದಂತಾಗಿ ನಿಂತಿತು. "ಗುಡಿಸೋವಾಗ ಬಾಗಿಲು ಮಾತ್ರ ಹಾಕ್ತಿರಲಿಲ್ಲ. ತಂಗಿ ಅಂಗಡಿಗೆ ಹೋಗೋದು ಇದೇ ದಾರೀಲಿ ಅಂತಿದ್ಲು."

ಹೊಲಿಗೆಯಮ್ಮ ಕಂಬಕ್ಕೆ ಒರಗಿದ್ದ ಪೊರಕೆಯನ್ನು ಕೈಗೆತ್ತಿಕೊಂಡಳು. 

"ನನಗೆ ಗೊತ್ತಿತ್ತು ಭಾವ. ಪೊರಕೆ ಸದ್ದು ಕೇಳ್ತಿತ್ತು. ಅಕ್ಕ ಗುಡಿಸೋ ರೀತಿ ನನಗೆ ಗೊತ್ತಾಗಲ್ವಾ? ತಲೆ ತಗ್ಗಿಸಿಕೊಂಡು ಹೋಗಿಬಿಡ್ತಿದ್ದೆ."

ಭಾವ ಮೂಲೆಯಲ್ಲಿದ್ದ ಮೊರ ಎತ್ತಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳು ಪೊರಕೆ ಹಿಡಿದು ಗುಡಿಸಿದಳು, ಅವರು ಧೂಳನ್ನು ಮೊರದಲ್ಲಿ ಎತ್ತಿ ಹೊರಗೆ ಹಾಕಿದರು. ಮುಗಿದ ಮೇಲೆ, ಮನೆಗೆ ಬಂದು ಒಂದು ತುತ್ತು ಊಟ ಮಾಡಿ ಎಂದು ಕರೆದಳು.

"ಅವಳನ್ನ ಕರೀಬೇಕಿತ್ತಮ್ಮ," ಎಂದರು ಭಾವ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಧಾನವಾಗಿ ತಮ್ಮ ಬೀದಿಯ ಕಡೆ ನಡೆದುಹೋದರು.

ಮುಂದಿನ ವಾರ ಅವಳೊಬ್ಬಳೇ ಹೋದಳು. ಉದ್ದದ ಬೀದಿಯ ಹಿರಿಯರೊಬ್ಬರು ಬಾಗಿಲ ಹೊರಗೆ ನಿಂತು, ಚಿಕ್ಕಪ್ಪನ ಕಣ್ಣು ಮರೆತುಹೋಯಿತೇ ಎಂದು ಕೇಳಿದರು. ಅವಳಿಗೆ ಮರೆತಿರಲಿಲ್ಲ. ಚಿಕ್ಕಪ್ಪ ಸಾಯುವವರೆಗೂ ಅವನ ತಟ್ಟೆಯ ಎಡಕ್ಕಿಟ್ಟಿದ್ದು ಅವನಿಗೆ ಕಾಣುತ್ತಿರಲಿಲ್ಲ. ಬಲಕ್ಕೆ ಸರಿಸಿ ಕೊಡುತ್ತಿದ್ದವಳು ಅವಳೇ.

"ನೆನಪಿದೆ," ಎಂದಳು. "ಒಳಗೆ ಬನ್ನಿ."

ಅವರು ಹೊಸಿಲವರೆಗೆ ಬಂದು, ಒಳಗಿನ ಕತ್ತಲೆಗೆ ಕಣ್ಣು ಕಿರಿದು ಮಾಡಿ, ಬಲಗಡೆಯ ದೇವರಿಗೆ ಮಾತ್ರ ಕೈಮುಗಿದು ಹೊರಟುಹೋದರು. ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ಹೊಲಿಗೆಯಮ್ಮ ಮಂಟಪದ ನಡುವೆ ಕೂತು, ಅಕ್ಕ ಹೋದ ಮೇಲೆ ಮೊದಲ ಸಲ ಮನಸಾರೆ ಅತ್ತಳು.