ಕ್ಷೌರಿಕ ಅಡೆರ್ಬಾಲನ ಮೂರು ಕುರ್ಚಿ, ಮೂರು ಜ್ವರ

ಪೆದ್ರಾ ಮಾನ್ಸಾ ಊರಿನ ಕ್ಷೌರಿಕ ಅಡೆರ್ಬಾಲನಿಗೆ ಡೆಂಗಿ ಹನ್ನೊಂದು ಸಲ, ಚಿಕುನ್‌ಗುನ್ಯಾ ಏಳು ಸಲ ಬಂದುಹೋಗಿತ್ತು. ಝೀಕಾ ಅಂತೂ ಒಂದು ಭಾನುವಾರ ಊಟಕ್ಕೂ ಕಾಫಿಗೂ ನಡುವೆ ಬಂದು, ತಪ್ಪಾಯಿತೆಂದು ಕೈಮುಗಿದು ವಾಪಸು ಹೋಗಿತ್ತು. ಅವನನ್ನು ಕಚ್ಚಿದ ಸೊಳ್ಳೆಗಳೇ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದವು. ಇದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಗಂಟಲ ಮೇಲೆ ಅವನ ಕ್ಷೌರದ ಕತ್ತಿ ಆಡುತ್ತಿರುವಾಗ ‘ಹೌದಪ್ಪಾ ಹೌದು’ ಎನ್ನದವರೂ ಯಾರೂ ಇರಲಿಲ್ಲ.

ಆ ವರ್ಷ ಮಳೆ ಬಿದ್ದದ್ದೇ ತಡ, ಮೂರೂ ಜ್ವರ ಒಟ್ಟಿಗೇ ಊರಿಗೆ ನುಗ್ಗಿದವು. ಅರ್ಧ ಬೀದಿ ಮಲಗಿತ್ತು, ಇನ್ನರ್ಧ ಬೀದಿ ಅವರಿಗೆ ಗಂಜಿ ಹೊರುತ್ತಿತ್ತು. ಅಡೆರ್ಬಾಲ್ ಅಂಗಡಿಯ ಮುಂದೆ ಮೂರು ಕುರ್ಚಿ ಹಾಕಿದ. ಕಣ್ಣಿನ ಹಿಂದೆ ನೋವಾದರೆ ಮೊದಲ ಕುರ್ಚಿ, ಅದು ಡೆಂಗಿ. ಎರಡು ಹೆಜ್ಜೆ ಕುಣಿಸಿದಾಗ ಮಂಡಿ ಹಿಡಿದುಕೊಂಡು ‘ಅಮ್ಮಾ’ ಎಂದರೆ ಎರಡನೆಯದು, ಚಿಕುನ್‌ಗುನ್ಯಾ. ಮೈ ತುರಿಸಿಕೊಂಡರೆ ಮೂರನೆಯದು, ಝೀಕಾ. ಕ್ಷೌರಕ್ಕಿಂತ ಇದಕ್ಕೇ ಸಾಲು ಉದ್ದವಾಯಿತು.

ಆರೋಗ್ಯ ಕಾರ್ಯಕರ್ತೆ ಜೂಸಾರಾ ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ಅಡೆರ್ಬಾಲ್ ಅವಳ ಜ್ಞಾನಸ್ನಾನದ ಧರ್ಮತಂದೆ. ಎಲ್ಲಿ ಕಂಡರೂ ಮೊದಲು ಆಶೀರ್ವಾದ ಬೇಡುವುದು ಅಲ್ಲಿಯ ವಾಡಿಕೆ.

“ಆಶೀರ್ವಾದ ಮಾಡು, ದೊಡ್ಡಪ್ಪಾ.”

“ದೇವ್ರು ಒಳ್ಳೇದ್ ಮಾಡ್ಲಿ ಮಗಳೇ. ಯಾವ ಕುರ್ಚಿ ನಿಂಗೆ?”

“ನಂಗೇನೂ ಬೇಡ. ನೀ ಮೊದ್ಲು ಈ ನಾಟಕ ನಿಲ್ಸು. ಮೂರು ಜ್ವರಾನೂ ಒಂದೇ ಸೊಳ್ಳೆ ಹೊತ್ಕೊಂಡ್ ಬರೋದು, ಅದೂ ಹಗಲು ಹೊತ್ತಲ್ಲಿ. ಮೊದಲ ದಿನಗಳಲ್ಲಿ ಮೂರರ ಮುಖಾನೂ ಹೆಚ್ಚುಕಮ್ಮಿ ಒಂದೇ. ಡೆಂಗಿಲೂ ಕೀಲು ನೋಯುತ್ತೆ, ಡೆಂಗಿಲೂ ಮೈ ಕೆಂಪಾಗುತ್ತೆ. ಒಬ್ರಿಗೇ ಎರಡು ಒಟ್ಟಿಗೆ ಬಂದ್ರೆ ಅವ್ರನ್ನ ಎರಡು ಕುರ್ಚಿ ಮಧ್ಯೆ ಕೂರಿಸ್ತೀಯಾ?”

“ನನ್ನ ಮೂಗೇ ಪ್ರಯೋಗಾಲಯ ಕಣೇ! ಬಾಗಿಲಿಗೆ ಬರೋಷ್ಟರಲ್ಲಿ ಜ್ವರದ ವಾಸನೆ ಹಿಡೀತೀನಿ.”

“ನಿನ್ನೆ ಬಸುರಿ ಹೆಂಗಸಿಗೆ ‘ಝೀಕಾ, ಅದೇನ್ ದೊಡ್ಡ ವಿಷ್ಯ ಅಲ್ಲ’ ಅಂದ್ಯಂತೆ. ಹೊಟ್ಟೇಲಿರೋ ಮಗುವಿನ ಮಿದುಳಿಗೇ ಪೆಟ್ಟು ಕೊಡೋ ಜ್ವರ ಅದು. ನಾನೇ ಕೈಹಿಡಿದು ಆಸ್ಪತ್ರೆಗೆ ಕರ್ಕೊಂಡ್ ಹೋದೆ.”

ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಕೆಮ್ಮಿ, ಟೋಪಿ ಸರಿಮಾಡಿಕೊಂಡು ಆಸ್ಪತ್ರೆಯ ದಾರಿ ಹಿಡಿದರು. ಅಡೆರ್ಬಾಲ್ ಖಾಲಿ ಕುರ್ಚಿಗಳಿಗೇ ಉಪನ್ಯಾಸ ಮುಂದುವರಿಸಿದ.

ನಾಲ್ಕು ದಿನಕ್ಕೆ ಅವನಿಗೇ ಜ್ವರ ಬಂತು. ಎಂಥ ಜ್ವರ! ಹಣೆಯ ಮೇಲೆ ರೊಟ್ಟಿ ಸುಡಬಹುದಿತ್ತು. ಬೆರಳು, ಮಂಡಿ ಎಲ್ಲ ನೋವು. “ಎರಡನೇ ಕುರ್ಚಿ” ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಹೆಂಡತಿ ಕ್ವಿಟೇರಿಯಳ ಮಂಡಿನೋವಿಗೆಂದು ತಂದಿದ್ದ ಮಾತ್ರೆ ಕಪಾಟಿನಲ್ಲಿತ್ತು. ಅವಳಿಗೆ ಹೇಳದೆ ನುಂಗತೊಡಗಿದ.

ಜ್ವರ ಹಿಡಿದ ನಾಲ್ಕನೆಯ ದಿನ ಅದು ಇಳಿಯಿತು. ಅಡೆರ್ಬಾಲ್ ಎದೆಯುಬ್ಬಿಸಿ ಅಂಗಡಿಗೆ ಹೊರಡಲು ಸಜ್ಜಾದ. ಆದರೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಎರಡು ಸಲ ಹಿತ್ತಿಲಿಗೆ ಹೋಗಿ ವಾಂತಿ ಮಾಡಿ ಬಂದ. ಯಾರಿಗೂ ಹೇಳಲಿಲ್ಲ. ಹನ್ನೊಂದು ಡೆಂಗಿ ಗೆದ್ದವನು ಹೊಟ್ಟೆನೋವೆಂದು ಅತ್ತರೆ ಊರು ನಗುವುದಿಲ್ಲವೇ?

“ಅಯ್ಯೋ, ನಿನ್ನ ಹಲ್ಲೆಲ್ಲ ಯಾಕೆ ಕೆಂಪು?” ಎಂದಳು ಕ್ವಿಟೇರಿಯ.

“ಬೀಟ್‌ರೂಟ್ ತಿಂದೆ.”

“ಈ ಮನೇಗೆ ಬೀಟ್‌ರೂಟ್ ಬಂದು ವರ್ಷ ಆಯ್ತು. ಜೂಸಾರಾ! ಲೇ ಜೂಸಾರಾ! ಓಡಿ ಬಾರೇ!”

ಜೂಸಾರಾ ಬಂದಳು. ಈ ಸಲ ಆಶೀರ್ವಾದ ಬೇಡಲಿಲ್ಲ. ಅದನ್ನು ಕಂಡೇ ಅಡೆರ್ಬಾಲ್ ಹತ್ತಿರದ ಕುರ್ಚಿಯಲ್ಲಿ ಕುಳಿತುಬಿಟ್ಟ.

“ವಸಡಿಂದ ರಕ್ತ ಬರ್ತಿದೆ. ಹೊಟ್ಟೆ ನೋವಿದ್ಯಾ? ವಾಂತಿ ಆಯ್ತಾ? ತಲೆ ಸುತ್ತುತ್ತಾ?”

“ಜ್ವರಾನೇ ಹೋಯ್ತಲ್ಲೇ ಮಗಳೇ...”

“ಡೆಂಗಿ ಮೋಸ ಮಾಡೋದೇ ಆವಾಗ, ದೊಡ್ಡಪ್ಪಾ. ಜ್ವರ ಇಳಿದ್ಮೇಲೆ ಇದೆಲ್ಲ ಶುರುವಾದ್ರೆ ಒಂದು ಗಳಿಗೇನೂ ಕಾಯ್ಬಾರ್ದು. ಏಳು!”

ಇಬ್ಬರೂ ಎರಡು ಕಡೆ ಹಿಡಿದು ಆಸ್ಪತ್ರೆಗೆ ಸಾಗಿಸಿದರು. ವೈದ್ಯೆ ಚಿಕ್ಕ ಪ್ರಾಯದವಳು, ಮಾತು ಮಾತ್ರ ಹರಿತ. ರಕ್ತ ತೆಗೆಯಲು ಹೇಳಿ ಕೇಳಿದಳು: “ಹಿಂದೆ ಡೆಂಗಿ ಬಂದಿತ್ತಾ?”

“ಹನ್ನೊಂದು ಸಲ,” ಎಂದ ಅಡೆರ್ಬಾಲ್. ಅಭ್ಯಾಸಬಲ.

ವೈದ್ಯೆ ಪೆನ್ನು ಕೆಳಗಿಟ್ಟಳು. “ಡೆಂಗಿ ಇರೋದೇ ನಾಲ್ಕು ಬಗೆ. ಒಂದು ಬಗೆ ಬಂದುಹೋದ್ರೆ ಅದೇ ಸಾಮಾನ್ಯವಾಗಿ ಮತ್ತೆ ಬರಲ್ಲ. ಉಳಿದ ಏಳನ್ನ ಎಲ್ಲಿಂದ ತಂದ್ರಿ? ನೋಡಿ, ಎರಡನೇ ಸಲ ಬೇರೆ ಬಗೆ ಬಂದ್ರೆ ಅಪಾಯ ಜಾಸ್ತಿ. ನಿಮ್ಮ ಮಾತು ನಂಬಿ ನಾನು ಚಿಕಿತ್ಸೆ ಮಾಡ್ಬೇಕು. ನಿಜ ಹೇಳಿ.”

ಕ್ವಿಟೇರಿಯ ಗಂಡನ ಕೈ ಹಿಡಿದಿದ್ದಳು. ಅವಳ ಕೈ ಅವನದಕ್ಕಿಂತ ತಣ್ಣಗಿತ್ತು. ಅಡೆರ್ಬಾಲ್ ಜೀವಮಾನದಲ್ಲಿ ಮೊದಲ ಬಾರಿಗೆ ಸಣ್ಣ ಸಂಖ್ಯೆಯೊಂದನ್ನು ಹೇಳಿದ.

“ಒಂದ್ಸಲಾನೂ ಬಂದಿಲ್ಲ, ಡಾಕ್ಟ್ರಮ್ಮಾ. ಯಾವುದೂ.”

“ಮಾತ್ರೆ?”

“ಇವಳ ಮಂಡಿ ಮಾತ್ರೆ. ಆರು.”

“ಆ ಜಾತಿ ನೋವಿನ ಮಾತ್ರೆ, ಆಸ್ಪಿರಿನ್, ಇವು ಡೆಂಗಿಲಿ ರಕ್ತಸ್ರಾವ ಹೆಚ್ಚಿಸ್ತಾವೆ,” ಎಂದಳು ವೈದ್ಯೆ. “ಹೇಳಿದ್ದು ಒಳ್ಳೇದಾಯ್ತು.”

ರಕ್ತಪರೀಕ್ಷೆ ಡೆಂಗಿ ಎಂದಿತು. ಮೂರು ದಿನ ಅಡೆರ್ಬಾಲನ ತೋಳಿಗೆ ಡ್ರಿಪ್ ಇಳಿಯಿತು. ಮೊದಲ ರಾತ್ರಿ ಕ್ವಿಟೇರಿಯ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಅವನು ಪಕ್ಕದ ಮಂಚದವನ ಗಡ್ಡದ ಆಕಾರ ಸರಿಯಿಲ್ಲವೆಂದು ಜಗಳ ತೆಗೆದಾಗ, ಬದುಕಿದನೆಂದು ಎಲ್ಲರೂ ಉಸಿರುಬಿಟ್ಟರು.

ಮನೆಗೆ ಬಂದ ಮರುದಿನ ಜೂಸಾರಾ ಟಾರ್ಚ್ ಹಿಡಿದು ನಿಂತಳು. “ಊರಿಗೆಲ್ಲ ನೀರು ವಾರಕ್ಕೊಂದ್ಸಲ, ಅದಕ್ಕೇ ಎಲ್ರೂ ತೊಟ್ಟೀಲಿ ತುಂಬಿಡ್ತಾರೆ, ಸೊಳ್ಳೆ ಮೊಟ್ಟೆ ಇಡೋದೂ ಅಲ್ಲೇ. ಎಲ್ರ ತೊಟ್ಟೀನೂ ನೋಡಿದೀನಿ, ಮಾಡಿನ ಮೇಲಿರೋ ನಿಂದೊಂದು ಬಿಟ್ಟು. ‘ಮಾಡಿನ ಹಂಚು ಒಡೆಯುತ್ತೆ, ಹತ್ಬೇಡ’ ಅಂತ ನೀನೇ ತಡೀತಿದ್ದೆ. ಮುಚ್ಚಳ ಭದ್ರವಾಗಿದ್ಯಾ?”

“ಉಕ್ಕಿನ ಕೋಟೆ ಇದ್ದ ಹಾಗೆ...” ಎಂದು ಆರಂಭಿಸಿದ ಅಡೆರ್ಬಾಲ್, ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಆಮೇಲೆ ತಲೆ ಕೆಳಗೆ ಹಾಕಿ ಹೇಳಿದ:

“ಮುಚ್ಚಳ ಅಂಗಡೀಲಿದೆ, ಮಗಳೇ. ಅದ್ರ ಕೆಳಗೆ ಡಬ್ಬ ಇಟ್ಟು, ಮೇಜು ಮಾಡ್ಕೊಂಡು ನಾವೆಲ್ಲ ಡಾಮಿನೋ ಆಟ ಆಡ್ತೀವಿ. ನನ್ನ ಕಚ್ಚಿದ ಸೊಳ್ಳೇನ ನಾನೇ ಸಾಕಿದ್ದೆ ಅನ್ಸುತ್ತೆ. ಬೀದಿಯವ್ರನ್ನ ಕಚ್ಚಿದ್ದನ್ನೂ.”

ಓದುಗರೇ, ಜ್ವರ ಬಂದರೆ ಕುರ್ಚಿ ಎಣಿಸಬೇಡಿ, ಪರೀಕ್ಷೆ ಮಾಡಿಸಿ. ಯಾವುದೆಂದು ತಿಳಿಯುವ ತನಕ ಕಪಾಟಿನ ನೋವಿನ ಮಾತ್ರೆ ಮುಟ್ಟಬೇಡಿ, ಚೆನ್ನಾಗಿ ನೀರು ಕುಡಿಯಿರಿ. ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ. ಮುಚ್ಚಬೇಕಾದದ್ದು ನೀರಿನ ತೊಟ್ಟಿಯನ್ನು. ನಿಮ್ಮದರ ಮುಚ್ಚಳ ಎಲ್ಲಿದೆ? ಈ ಹಾಳೆ ಕೆಳಗಿಟ್ಟು, ಈಗಲೇ ಎದ್ದು ಹೋಗಿ ನೋಡಿ.